ಸಾಕ್ರಟೀಸ್ ಕೋರ್ಟಲ್ಲಿ "ನಿಮ್ಮ ಮಾತು ಕೇಳಲ್ಲ" ಅಂದ, ಜೈಲಲ್ಲಿ "ಕಾನೂನು ಮುರಿಯಲ್ಲ" ಅಂದ. ಎರಡೂ ಹೇಗೆ ಸರಿ ಆಗುತ್ತೆ?

ಮೂರನೇ_ಬೆಂಚು ಕೇಳಿದ್ದು:

ಎಲ್ರಿಗೂ ನಮಸ್ಕಾರ. ಎಲ್‌ಎಲ್‌ಬಿ ಓದ್ತಿದೀನಿ, ಜ್ಯೂರಿಸ್‌ಪ್ರೂಡೆನ್ಸ್ ಪೇಪರ್‌ಗೆ ಅಂತ ಪ್ಲೇಟೋನ ಅಪಾಲಜಿ (ಕೋರ್ಟಲ್ಲಿ ಸಾಕ್ರಟೀಸ್ ಆಡಿದ ಮಾತು) ಮತ್ತೆ ಕ್ರೀಟೋ (ಜೈಲಲ್ಲಿ ಗೆಳೆಯನ ಜೊತೆ ಮಾತುಕತೆ) ಎರಡನ್ನೂ ಒಂದರ ಹಿಂದೆ ಒಂದು ಓದಿದೆ. ಎರಡೂ ಒಂದೇ ಕೇಸಿಗೆ ಸೇರಿದ್ದು, ಕ್ರಿ.ಪೂ. 399ರಲ್ಲಿ ಅಥೆನ್ಸ್‌ನಲ್ಲಿ ಸಾಕ್ರಟೀಸ್ ಮೇಲೆ ಹೂಡಿದ ಮೊಕದ್ದಮೆ. ಊರಿನ ದೇವರುಗಳನ್ನ ಒಪ್ಪಲ್ಲ, ಹೊಸ ದೈವಗಳನ್ನ ತರ್ತಾನೆ, ಹುಡುಗ್ರನ್ನ ಕೆಡಿಸ್ತಾನೆ ಅನ್ನೋದು ಆರೋಪ. ಆಗ ಆತನಿಗೆ 70 ವರ್ಷ.

ಅಪಾಲಜಿಲಿ ಜ್ಯೂರಿ ಮುಂದೆ ನಿಂತು ನೇರವಾಗಿ ಹೇಳ್ತಾನೆ, "ಇನ್ಮೇಲೆ ಈ ಪ್ರಶ್ನೆ ಕೇಳೋದು, ವಿಚಾರ ಮಾಡೋದು ಎಲ್ಲ ಬಿಟ್ಬಿಡ್ತೀನಿ ಅಂದ್ರೆ ಬಿಡುಗಡೆ, ಮತ್ತೆ ಸಿಕ್ಕಿಬಿದ್ರೆ ಸಾವು" ಅಂತ ನೀವು ಷರತ್ತು ಹಾಕಿ ಬಿಟ್ರೂ ನಾನು ನಿಮಗಿಂತ ದೇವರ ಮಾತನ್ನೇ ಕೇಳ್ತೀನಿ, ಉಸಿರಿರೋ ತನಕ ನಿಲ್ಸಲ್ಲ ಅಂತ. ಇದು ಸ್ಪಷ್ಟವಾಗಿ ಕೋರ್ಟಿನ ಆದೇಶ ಮೀರ್ತೀನಿ ಅನ್ನೋ ಮಾತು.

ಆಮೇಲೆ ಕ್ರೀಟೋ. ಸಾಕ್ರಟೀಸ್ ಮರಣದಂಡನೆ ಆಗಿ ಜೈಲಲ್ಲಿದ್ದಾನೆ. ಇನ್ನೂ ಬೆಳಕು ಹರಿದಿಲ್ಲ, ಹಳೇ ಗೆಳೆಯ ಕ್ರೀಟೋ ಜೈಲಿಗೆ ಬಂದು ಆತ ಏಳೋ ತನಕ ಸುಮ್ನೆ ಪಕ್ಕದಲ್ಲಿ ಕೂತಿರ್ತಾನೆ. ತಪ್ಪಿಸ್ಕೊಂಡು ಹೋಗು ಅಂತಾನೆ, ಕಾವಲುಗಾರ ಪರಿಚಯದವನೇ, ದುಡ್ಡು ರೆಡಿ ಇದೆ, ಥೀಬ್ಸ್ ಊರಿನ ಸಿಮ್ಮಿಯಾಸ್ ಇದಕ್ಕೇ ಅಂತ ಹಣ ತಂದಿದ್ದಾನೆ, ಥೆಸ್ಸಲಿಲಿ ಉಳ್ಕೊಳ್ಳೋಕೆ ಜನ ಇದಾರೆ. ಸಾಕ್ರಟೀಸ್ ಒಪ್ಪಲ್ಲ. ಅಥೆನ್ಸಿನ ಕಾನೂನುಗಳೇ ಬಂದು ಎದುರಿಗೆ ನಿಂತ್ರೆ ಏನು ಕೇಳ್ತಾವೆ ಅಂತ ಕಲ್ಪಿಸ್ಕೋತಾನೆ. ತೀರ್ಪಿಗೆ ಬೆಲೆನೇ ಇಲ್ದೆ ಯಾರ್ ಬೇಕಾದ್ರೂ ಅದನ್ನ ಮುರೀಬಹುದು ಅಂದ್ರೆ ಒಂದು ಊರು ಉಳಿಯುತ್ತಾ? ನಮ್ಮದು ತಪ್ಪು ಅನ್ಸಿದ್ರೆ ನಮ್ಮನ್ನ ಒಪ್ಸು, ಆಗಲಿಲ್ಲ ಅಂದ್ರೆ ಹೇಳಿದ್ದನ್ನ ಮಾಡು. ಹೀಗೆ.

ಕ್ಲಾಸಲ್ಲಿ "ಸಾಕ್ರಟೀಸ್ ಕಾನೂನಿಗೆ ತಲೆಬಾಗಿದ" ಅಂತ ಒಂದೇ ಸಾಲಲ್ಲಿ ಮುಗಿಸಿದ್ರು. ಹಾಗಾದ್ರೆ ಅಪಾಲಜಿಲಿ ಹೇಳಿದ್ದೇನು? ಅನ್ಯಾಯದ ಆದೇಶ ಮೀರೋ ಹಕ್ಕು ವ್ಯಕ್ತಿಗೆ ಇದೆ ಅಂತಾನಾ ಇಲ್ಲ ಅಂತಾನಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ, ಉದ್ದ ಆದ್ರೂ ಪರವಾಗಿಲ್ಲ.

ಕೆರೆ_ಏರಿ:

ಈ ಗಂಟು ಬಿಚ್ಚೋ ಜಾಗ ಕ್ರೀಟೋ ಒಳಗೇ ಇದೆ, ಆದ್ರೆ ಕಾನೂನುಗಳ ಭಾಷಣ ಶುರು ಆಗೋಕೆ ಮುಂಚೆ ಬರುತ್ತೆ, ಆ ಭಾಷಣ ಅಷ್ಟು ಜೋರಾಗಿರೋದ್ರಿಂದ ಹಿಂದಿನ ಎರಡು ಪುಟ ಬಹಳ ಜನ ಓಡಿಸ್ಕೊಂಡು ಹೋಗ್ಬಿಡ್ತಾರೆ. ಅಲ್ಲಿ ಸಾಕ್ರಟೀಸ್ ಕ್ರೀಟೋ ಹತ್ರ ಒಂದು ಮಾತು ಒಪ್ಪಿಸ್ಕೋತಾನೆ: ಯಾವ ಕಾರಣಕ್ಕೂ ಅನ್ಯಾಯ ಮಾಡಬಾರದು, ನಮಗೆ ಅನ್ಯಾಯ ಆಗಿದ್ರೂ ತಿರುಗಿ ಅನ್ಯಾಯ ಮಾಡಬಾರದು. ಗ್ರೀಕರಲ್ಲಿ ಗೆಳೆಯನಿಗೆ ಒಳ್ಳೇದು ಮಾಡು ಶತ್ರುಗೆ ಕೆಟ್ಟದ್ದು ಮಾಡು ಅನ್ನೋದೇ ಮರ್ಯಾದಸ್ಥರ ನಡತೆ ಆಗಿತ್ತು, ಅಂಥ ಕಡೆ ಇದು ತಲೆಕೆಳಗು ಮಾತು. ಆತನಿಗೂ ಅದು ಗೊತ್ತು, ಇದನ್ನ ಒಪ್ಪೋರು ಕಮ್ಮಿ, ಮುಂದೆನೂ ಕಮ್ಮಿನೇ ಅಂತ ಅಲ್ಲೇ ಹೇಳ್ತಾನೆ.

ಇದನ್ನ ಇಟ್ಕೊಂಡು ನೋಡಿ. ರಾಜ್ಯ ನನಗೆ ಎರಡು ಥರ ಆಜ್ಞೆ ಮಾಡಬಹುದು. ಒಂದು, ನೀನು ಹೋಗಿ ಈ ಅನ್ಯಾಯ ಮಾಡು. ಇನ್ನೊಂದು, ನಾವು ನಿನಗೆ ಅನ್ಯಾಯ ಮಾಡ್ತಿದೀವಿ, ಅನುಭವಿಸು. ಮೊದಲನೇದಕ್ಕೆ ಸಾಕ್ರಟೀಸ್ ಯಾವತ್ತೂ ತಲೆಬಾಗಿಲ್ಲ. ಎರಡನೇದರಿಂದ ತಪ್ಪಿಸ್ಕೊಳ್ಳೋಕೆ ಅಂತ ತಾನೇ ಒಂದು ಅನ್ಯಾಯ ಮಾಡೋಕೂ ಒಪ್ಪಲಿಲ್ಲ. ಅಪಾಲಜಿ ಮೊದಲನೇ ಥರದ್ದು (ದೇವರು ಒಪ್ಪಿಸಿದ ಕೆಲಸ ಬಿಡೋದೇ ಆತನ ಲೆಕ್ಕದಲ್ಲಿ ತಪ್ಪು ಕೆಲಸ), ಕ್ರೀಟೋ ಎರಡನೇ ಥರದ್ದು. ಅದಕ್ಕೇ ನನಗೆ ಇಲ್ಲಿ ವಿರೋಧ ಕಾಣಲ್ಲ.

ಇದು ಬರೀ ತರ್ಕ ಅಲ್ಲ, ಬದುಕಲ್ಲಿ ಎರಡು ಸಲ ಮಾಡಿ ತೋರಿಸಿದ್ದಾನೆ, ಅದನ್ನ ಕೋರ್ಟಲ್ಲೂ ಹೇಳ್ಕೋತಾನೆ.

ಮೊದಲನೇದು ಕ್ರಿ.ಪೂ. 406. ಆರ್ಗಿನುಸೆ ದ್ವೀಪಗಳ ಹತ್ರ ಅಥೆನ್ಸಿನ ನೌಕಾಪಡೆ ಸ್ಪಾರ್ಟಾದವರನ್ನ ಸೋಲಿಸ್ತು, ದೊಡ್ಡ ಗೆಲುವು. ಆದ್ರೆ ಮುಳುಗ್ತಿದ್ದ ಹಡಗುಗಳಲ್ಲಿ ಸಿಕ್ಕಾಕೊಂಡಿದ್ದ ತಮ್ಮವರನ್ನ ಬಿರುಗಾಳಿ ಕಾರಣಕ್ಕೆ ಎತ್ಕೊಳ್ಳೋಕೆ ಆಗಲಿಲ್ಲ. ಊರಲ್ಲಿ ಗಂಡ ಮಕ್ಕಳನ್ನ ಕಳ್ಕೊಂಡ ಮನೆಗಳ ಸಿಟ್ಟು ಹೇಗಿತ್ತು ಅಂತ ಊಹಿಸ್ಕೊಳ್ಳಿ. ಎಂಟು ಸೇನಾಪತಿಗಳಲ್ಲಿ ಆರು ಜನ ಊರಿಗೆ ವಾಪಸ್ ಬಂದ್ರು. ಕಾಲಿಕ್ಸೆನಸ್ ಅನ್ನೋನು ಸಭೇಲಿ ಒಂದು ಠರಾವು ತಂದ, ಒಬ್ಬೊಬ್ಬರ ವಿಚಾರಣೆ ಬೇರೆ ಬೇರೆ ಬೇಡ, ಎಲ್ರನ್ನೂ ಸೇರಿಸಿ ಒಂದೇ ವೋಟು ಹಾಕ್ಬಿಡೋಣ ಅಂತ. ಇದು ಕಾನೂನಿಗೆ ವಿರುದ್ಧ. ಹಾಗಂತ ಆಕ್ಷೇಪ ಎತ್ತಿದವರ ಮೇಲೆ ಜನ ಕೂಗಾಡಿದ್ರು, ಜನ ಬಯಸಿದ್ದನ್ನ ಜನ ಮಾಡೋಕೆ ಬಿಡಲ್ಲ ಅಂದ್ರೆ ಏನರ್ಥ ಅಂತ. ಆ ಕಾಲದ ಇತಿಹಾಸಕಾರ ಕ್ಸೆನೋಫೋನ್ ಈ ಕೂಗಾಟನ ದಾಖಲು ಮಾಡಿದ್ದಾನೆ. ಆ ದಿನ ಸಭೆ ನಡೆಸೋ ಸರದಿ ಸಾಕ್ರಟೀಸ್ ಇದ್ದ ಗುಂಪಿನದು. ಉಳಿದವರು ಮೊದಲು ಆಗಲ್ಲ ಅಂದ್ರು, ನಿಮ್ಮ ಹೆಸರನ್ನೂ ಅದೇ ವೋಟಿಗೆ ಸೇರಿಸ್ತೀವಿ ಅಂತ ಬೆದರಿಕೆ ಹಾಕಿದ ಮೇಲೆ ಒಪ್ಕೊಂಡ್ರು. ಸಾಕ್ರಟೀಸ್ ಒಬ್ಬ ಮಾತ್ರ ಕಾನೂನು ಬಿಟ್ಟು ಏನೂ ಮಾಡಲ್ಲ ಅಂತ ಕೂತ. ಆರೂ ಜನಕ್ಕೆ ಮರಣದಂಡನೆ ಆಯ್ತು, ಅವರಲ್ಲಿ ಅಥೆನ್ಸಿನ ಹೆಸರಾಂತ ನಾಯಕ ಪೆರಿಕ್ಲೀಸ್ ಮಗನೂ ಇದ್ದ. ಆಮೇಲೆ ಅಥೆನ್ಸ್ ಇದಕ್ಕೆ ಪಶ್ಚಾತ್ತಾಪ ಪಡ್ತು, ಆದ್ರೆ ಸತ್ತೋರು ಸತ್ತೋದ್ರು.

ಎರಡನೇದು ಅದಕ್ಕೆ ಸ್ವಲ್ಪ ವರ್ಷ ಆದ್ಮೇಲೆ, ಅಥೆನ್ಸ್ ಯುದ್ಧ ಸೋತು ಮೂವತ್ತು ಜನರ ಸರ್ವಾಧಿಕಾರ ಬಂದಾಗ. ಸಾಕ್ರಟೀಸನ್ನೂ ಇನ್ನು ನಾಲ್ಕು ಜನಾನೂ ಕರೆಸಿ, ಸಲಾಮಿಸ್‌ಗೆ ಹೋಗಿ ಲಿಯೋನ್ ಅನ್ನೋನನ್ನ ಹಿಡ್ಕೊಂಡು ಬನ್ನಿ ಅಂದ್ರು, ಕೊಲ್ಲೋಕೆ. ಊರಿನ ಜನಾನ ತಮ್ಮ ಪಾಪದಲ್ಲಿ ಪಾಲುದಾರರು ಮಾಡ್ಕೊಳ್ಳೋದು ಅವರ ಪದ್ಧತಿ. ನಾಲ್ಕು ಜನ ಹೋಗಿ ಹಿಡ್ಕೊಂಡು ಬಂದ್ರು. ಸಾಕ್ರಟೀಸ್ ಸೀದಾ ಮನೆಗೆ ಹೋದ. ಆ ಸರ್ಕಾರ ಬೇಗ ಬೀಳದೇ ಇದ್ದಿದ್ರೆ ಅವತ್ತೇ ಜೀವ ಹೋಗ್ತಿತ್ತು ಅಂತ ಆತನೇ ಹೇಳ್ತಾನೆ.

ಒಂದು ಸಲ ಪ್ರಜಾಪ್ರಭುತ್ವ, ಒಂದು ಸಲ ಸರ್ವಾಧಿಕಾರ. ಆಜ್ಞೆ ಯಾರಿಂದ ಬಂತು ಅನ್ನೋದನ್ನ ಆತ ನೋಡಲೇ ಇಲ್ಲ, ತನ್ನ ಕೈಯಿಂದ ಏನು ಮಾಡಿಸ್ತಿದಾರೆ ಅನ್ನೋದನ್ನ ನೋಡಿದ. ನಿಮ್ಮ ಕ್ಲಾಸಿನ ಒಂದು ಸಾಲಲ್ಲಿ ಬಿಟ್ಟುಹೋಗಿರೋದು ಇದು.

ಜೋಳದ_ಹೊಲ:

ಕೆರೆ_ಏರಿ ಅವ್ರು ಹೇಳಿದ್ದು ಖರೇ ಐತಿ, ಮಾಡೂದು ಬ್ಯಾರೆ ಅನುಭವ್ಸೂದು ಬ್ಯಾರೆ, ಒಪ್ಕೊಂಡೆ. ಆದ್ರ ಅಷ್ಟಕ್ಕ ಕ್ರೀಟೋ ಪೂರಾ ಸರಿ ಆಗೂದಿಲ್ರಿ. ಯಾಕಂದ್ರ ಜೈಲಿಂದ ತಪ್ಪಿಸ್ಕೊಂಡು ಹೋಗೂದು "ಅನ್ಯಾಯ ಮಾಡಿದಂಗ" ಅಂತ ಮೊದ್ಲು ಸಾಬೀತು ಮಾಡ್ಬೇಕಲ್ಲ, ಆ ಕೆಲಸ ಕಾನೂನುಗಳ ಭಾಷಣದ ಮ್ಯಾಲ ನಿಂತೈತಿ, ಆ ಭಾಷಣ ನನಗಂತೂ ಭಾಳ ಜಗ್ಗಾಟ ಅನಸ್ತೈತಿ.

ಏನ್ ಹೇಳ್ತಾವ ನೋಡ್ರಿ ಕಾನೂನುಗಳು. ನಿಮ್ಮಪ್ಪ ನಿಮ್ಮವ್ವನ್ನ ಮದುವಿ ಆಗಿದ್ದು ನಮ್ಮಿಂದ, ನಿನ್ನ ಬೆಳೆಸಿದ್ದು ನಾವು, ಸಂಗೀತ ವ್ಯಾಯಾಮ ಕಲಸು ಅಂತ ನಿಮ್ಮಪ್ಪಗ ಹೇಳಿದ್ದು ನಾವು, ಅದಕ್ಕ ನೀನು ನಮ್ಮ ಮಗ, ನಮ್ಮ ಗುಲಾಮ, ನಿನಗೂ ನಮಗೂ ಹಕ್ಕು ಸಮ ಅಲ್ಲ. ಗುಲಾಮ ಅನ್ನೂ ಮಾತು ಹಂಗ ಐತಿ ಅಲ್ಲೆ. ಸ್ವತಂತ್ರ ಪೌರ ಅಂತ ಎದಿ ತಟ್ಕೊಳ್ಳೂ ಊರಾಗ ಕಾನೂನು ತನ್ನ ಪೌರಗ ಹಿಂಗ ಅಂತೈತಿ ಅಂದ್ರ ಅದು ಸಣ್ಣ ಮಾತಲ್ಲ.

ಆಮೇಲೆ ಒಪ್ಪಂದದ ಮಾತು. ನೀ ವಯಸ್ಸಿಗೆ ಬಂದ್ಮ್ಯಾಲ ನಮ್ಮನ್ನ ನೋಡಿದಿ, ಸೇರ್ಲಿಲ್ಲ ಅಂದ್ರ ಗಂಟು ಮೂಟಿ ಕಟ್ಕೊಂಡು ಎಲ್ಲಿಗರ ಹೋಗಬಹುದಿತ್ತು, ಸ್ಪಾರ್ಟಾ ಕ್ರೀಟ್ ಛಲೋ ಅಂತ ಯಾವಾಗ್ಲೂ ಹೊಗಳ್ತಿದ್ದಿ, ಅಲ್ಲಿಗೂ ಹೋಗ್ಲಿಲ್ಲ, ಕುಂಟರು ಕುರುಡ್ರು ಸೈತ ನಿನಗಿಂತ ಹೆಚ್ಚು ಊರ ಬಿಟ್ಟು ಹೋಗ್ಯಾರ, ಅಂದ್ರ ನೀ ನಮ್ಮನ್ನ ಒಪ್ಪಿದಂಗ. ಸಾಕ್ರಟೀಸಗ ಈ ಮಾತು ಹತ್ತತೈತಿ, ಇಲ್ಲ ಅನ್ನಂಗಿಲ್ಲ. ಯುದ್ಧಕ್ಕ ಬಿಟ್ರ ಅವ ಊರ ಬಿಟ್ಟು ಹೋಗಿದ್ದು ಇಸ್ತ್ಮಸ್ ಹಬ್ಬಕ್ಕ (ಕೊರಿಂತ್ ಹತ್ರ ನಡಿಯೂ ಆಟದ ಹಬ್ಬ) ಒಂದು ಸಲ. ಆದ್ರ ಸಣ್ಣ ಹಿಡುವಳಿ ಇಟ್ಕೊಂಡ ಒಬ್ಬ ಅಥೆನ್ಸ್ ರೈತನ್ನ ತಗೋರಿ. ಅವ ಬ್ಯಾರೆ ಊರಿಗೆ ಹೋದ್ರ ಅಲ್ಲಿ ಪರದೇಶಿ, ವೋಟಿಲ್ಲ, ಹೊಲ ಕೊಳ್ಳಾಕ ಹಕ್ಕಿಲ್ಲ. ಹೋಗ್ಲಿಲ್ಲ ಅಂದ ಮಾತ್ರಕ್ಕ ಅವ ಎಲ್ಲಾ ಕಾನೂನಿಗೆ ಸಹಿ ಹಾಕ್ಯಾನ ಅಂದ್ರ ಹೆಂಗ? ಇನ್ನ ಹೆಣ್ಮಕ್ಕಳು, ಗುಲಾಮರು, ಅವ್ರಿಗೆ ಸಭಾದಾಗ "ಒಪ್ಪಿಸು" ಅನ್ನೂ ಬಾಗಿಲಾ ಇಲ್ಲ, "ಪಾಲಿಸು" ಅನ್ನೂದು ಒಂದ ಉಳೀತು.

ಮತ್ತೊಂದು ಮಾತು ನನ್ನ ಮನಸಿಗೆ ಕೊರಿತೈತಿ. ಲಿಯೋನನ್ನ ಹಿಡೀಲಿಕ್ಕೆ ಹೋಗದ ಮನಿಗೆ ಹೋದ, ಛಲೋ ಮಾಡ್ದ. ಆದ್ರ ಲಿಯೋನ್ ಸತ್ತ. ಉಳದ ನಾಲ್ಕ ಮಂದೀನ ತಡದಾ? ಲಿಯೋನಗ ಸುದ್ದಿ ಮುಟ್ಟಿಸಿದಾ? ಆ ಮಾತು ಅಪಾಲಜಿಯೊಳಗ ಇಲ್ಲ. ತನ್ನ ಕೈಗೆ ರಗತ ಹತ್ತಬಾರದು ಅನ್ನೂದೊಂದ ನ್ಯಾಯ ಆದ್ರ, ಆ ಲಿಯೋನನ ಪಾಲಿಗೆ ನ್ಯಾಯ ಎಲ್ಲೈತಿ?

ಮೂರನೇ_ಬೆಂಚು:

ಇಬ್ರಿಗೂ ತುಂಬಾ ಥ್ಯಾಂಕ್ಸ್. ಜೋಳದ_ಹೊಲ ಸರ್, ಲಿಯೋನ್ ಬಗ್ಗೆ ಕೇಳಿದ ಪ್ರಶ್ನೆ ನನ್ನನ್ನೂ ಅಲ್ಲೇ ನಿಲ್ಲಿಸ್ತು. ಅಪಾಲಜಿಲಿ ಅದಕ್ಕೆ ಹತ್ರದ ಒಂದು ಮಾತಿದೆ ಅಲ್ವಾ, ನ್ಯಾಯಕ್ಕಾಗಿ ನಿಜವಾಗಿ ಹೋರಾಡೋನು ಸ್ವಲ್ಪ ಕಾಲನಾದ್ರೂ ಬದುಕಿರಬೇಕು ಅಂದ್ರೆ ರಾಜಕೀಯಕ್ಕೆ ಇಳೀಬಾರದು, ಖಾಸಗಿಯಾಗೇ ಇರಬೇಕು ಅಂತ. ಅದು ಉತ್ತರ ಅನ್ಸುತ್ತಾ ನಿಮಗೆ?

ಇನ್ನೊಂದು ಡೌಟು. ಕಾನೂನುಗಳು "ವಿಚಾರಣೆ ಟೈಮಲ್ಲೇ ಗಡಿಪಾರು ಕೇಳಬಹುದಿತ್ತಲ್ಲ, ಆಗ ಊರಿನ ಒಪ್ಪಿಗೆ ತಗೊಂಡೇ ಹೋಗಬಹುದಿತ್ತು" ಅಂತಾವೆ. ಆರೋಪಿ ತನ್ನ ಶಿಕ್ಷೆ ತಾನೇ ಕೇಳೋದು ಅಂದ್ರೆ ಏನು, ಅಲ್ಲಿ ಪ್ರೊಸೀಜರ್ ಹೇಗಿತ್ತು?

ಹಳೇ_ಲೈಬ್ರರಿ:

ಪ್ರೊಸೀಜರ್ ಕೇಳಿದ್ದು ಒಳ್ಳೇದಾಯ್ತು, ಅದು ಗೊತ್ತಾಗದೆ ಈ ಚರ್ಚೆ ಗಾಳಿಲೇ ನಡೆಯುತ್ತೆ. ನಾವು ರಾಜ್ಯ ಅಂದ ತಕ್ಷಣ ಪೊಲೀಸು, ಸರ್ಕಾರಿ ವಕೀಲರು, ಜಡ್ಜು, ಮೇಲಿನ ಕೋರ್ಟು ಇದನ್ನೆಲ್ಲ ಕಣ್ಮುಂದೆ ತಂದ್ಕೋತೀವಿ. ಅಥೆನ್ಸಲ್ಲಿ ಇದ್ಯಾವುದೂ ಇಲ್ಲ. ಕೇಸು ಹಾಕಿದ್ದು ಮೆಲೆಟಸ್ ಅನ್ನೋ ಒಬ್ಬ ಸಾಮಾನ್ಯ ಪ್ರಜೆ, ಜೊತೆಗೆ ಅನಿಟಸ್, ಲೈಕಾನ್. ಯಾರು ಬೇಕಾದ್ರೂ ಹಾಕಬಹುದಿತ್ತು, ಆದ್ರೆ ಐದನೇ ಒಂದು ಪಾಲು ವೋಟೂ ಬೀಳಲಿಲ್ಲ ಅಂದ್ರೆ ಹಾಕಿದವನಿಗೇ 1000 ಡ್ರಾಕ್ಮಾ ದಂಡ. ಜ್ಯೂರಿ ಅಂದ್ರೆ 30 ವರ್ಷ ದಾಟಿದ ಪೌರರು, ಚೀಟಿ ಎತ್ತಿ ಆರಿಸಿದೋರು, ದಿನಕ್ಕೆ 3 ಓಬಲ್ (ಅರ್ಧ ಡ್ರಾಕ್ಮಾ) ಭತ್ಯೆ, ಈ ಕೇಸಿಗೆ ಸುಮಾರು 500 ಜನ. ಕಾನೂನು ಹೀಗಿದೆ ಅಂತ ಅವರಿಗೆ ವಿವರಿಸೋಕೆ ಜಡ್ಜ್ ಇಲ್ಲ, ಕೂತು ತಮ್ಮತಮ್ಮಲ್ಲಿ ಚರ್ಚೆ ಮಾಡೋದಿಲ್ಲ, ಎರಡೂ ಕಡೆ ಕೇಳಿ ಸೀದಾ ವೋಟು. ಮೇಲೆ ಅಪೀಲಿಲ್ಲ. ನೀರಿನ ಗಡಿಯಾರ ಇಟ್ಟು ಮಾತಿಗೆ ಟೈಮ್ ಅಳೀತಿದ್ರು. ಸಾಕ್ರಟೀಸನ್ನ ಕೊಂದದ್ದು "ವ್ಯವಸ್ಥೆ" ಅಂತ ದೂರದ ಯಾವುದೋ ಅಲ್ಲ, ದಿನಾ ಸಂತೇಲಿ ಎದುರಾಗ್ತಿದ್ದ ಊರಿನ ಜನ.

ತಪ್ಪಿತಸ್ಥ ಅಂತ ಆದ್ಮೇಲೆ ಎರಡನೇ ಸುತ್ತು. ಇಂಥ ಕೇಸಲ್ಲಿ ಫಿರ್ಯಾದಿ ಒಂದು ಶಿಕ್ಷೆ ಹೇಳ್ತಾನೆ, ಆರೋಪಿ ಇನ್ನೊಂದು ಹೇಳ್ತಾನೆ, ಜ್ಯೂರಿ ಆ ಎರಡರಲ್ಲಿ ಒಂದನ್ನೇ ಆರಿಸಬೇಕು, ನಡುವೆ ತಾವೇ ಮೂರನೇದು ಮಾಡೋ ಹಾಗಿಲ್ಲ. ಮೆಲೆಟಸ್ ಮರಣದಂಡನೆ ಕೇಳಿದ. ಸಾಕ್ರಟೀಸ್ ಗಡಿಪಾರು ಕೇಳಿದ್ರೆ ಬಹುಶಃ ಕೊಡ್ತಿದ್ರು. ಆತ ಮೊದಲು ಹೇಳಿದ್ದು, ನಾನು ಊರಿಗೆ ಮಾಡಿರೋ ಉಪಕಾರಕ್ಕೆ ಒಲಿಂಪಿಕ್ಸ್ ಗೆದ್ದೋರಿಗೆ ಕೊಡೋ ಹಾಗೆ ಸಾರ್ವಜನಿಕ ಭೋಜನಶಾಲೆಯಲ್ಲಿ ಊಟ ಕೊಡಬೇಕು ಅಂತ. ಆಮೇಲೆ ಒಂದು ಮೀನಾ (100 ಡ್ರಾಕ್ಮಾ) ದಂಡ ಕಟ್ಟಬಲ್ಲೆ ಅಂದ. ಕೊನೆಗೆ ಪ್ಲೇಟೋ, ಕ್ರೀಟೋ ಮತ್ತೆ ಇನ್ನಿಬ್ಬರು ಜಾಮೀನು ನಿಲ್ತೀವಿ ಅಂದಿದ್ದಕ್ಕೆ 30 ಮೀನಾ. ಅಪರಾಧಿ ಅನ್ನೋ ಮೊದಲನೇ ವೋಟಲ್ಲಿ 30 ಜನ ಆಕಡೆ ಈಕಡೆ ಆಗಿದ್ರೆ ಬಿಡುಗಡೆ ಆಗ್ತಿತ್ತು ಅಂತ ಆತನೇ ಲೆಕ್ಕ ಹೇಳ್ತಾನೆ, ಅಷ್ಟು ಹತ್ತಿರದ ತೀರ್ಪು. ಬೇರೆ ಊರುಗಳ ಹಾಗೆ ಪ್ರಾಣ ಹೋಗೋ ಕೇಸನ್ನ ಒಂದೇ ದಿನದಲ್ಲಿ ಮುಗಿಸದೆ ಹಲವು ದಿನ ನಡೆಸೋ ಕಾನೂನು ನಿಮ್ಮಲ್ಲಿದ್ದಿದ್ರೆ ನಿಮ್ಮನ್ನ ಒಪ್ಪಿಸ್ತಿದ್ದೆ ಅಂತಲೂ ಅಂತಾನೆ. ಈ ಮಾತು ಕ್ರೀಟೋದ "ಒಪ್ಪಿಸು, ಇಲ್ಲ ಪಾಲಿಸು" ಜೊತೆ ಇಟ್ಟು ಓದಿ. ಒಪ್ಪಿಸೋಕೆ ಕೊಟ್ಟಿದ್ದು ಒಂದು ಹಗಲು, ಅದರಲ್ಲೂ ನೀರು ಹರಿದು ಮುಗಿಯೋ ತನಕ. ಆ ಕಾನೂನುಗಳ ವಾದದಲ್ಲಿ ನನಗೆ ಅತಿ ದುರ್ಬಲ ಅನ್ಸೋ ಜಾಗ ಇದೇ.

ಹಿಂದಿನ ರಾಜಕೀಯನೂ ಮರೀಬಾರದು. ಮೂವತ್ತು ಜನರ ಆಡಳಿತ ಸುಮಾರು 1500 ಜನರನ್ನ ಕೊಂದಿತ್ತು, ಅವರ ನಾಯಕ ಕ್ರಿಟಿಯಾಸ್ ಹಿಂದೆ ಸಾಕ್ರಟೀಸ್ ಜೊತೆ ಓಡಾಡಿದವನು. ಕ್ರಿ.ಪೂ. 403ರಲ್ಲಿ ಪ್ರಜಾಪ್ರಭುತ್ವ ವಾಪಸ್ ಬಂದಾಗ ಹಳೇದನ್ನ ಕೆದಕಲ್ಲ ಅಂತ ಊರೇ ಆಣೆ ಮಾಡಿ ಕ್ಷಮಾದಾನ ಕೊಡ್ತು, ಅದಕ್ಕೇ ಆರೋಪಪಟ್ಟಿಲಿ ಕ್ರಿಟಿಯಾಸ್ ಹೆಸರಿಲ್ಲ. ಆದ್ರೆ ಐವತ್ತು ವರ್ಷ ಆದ್ಮೇಲೂ ವಾಗ್ಮಿ ಈಸ್ಕಿನೀಸ್ ಜ್ಯೂರಿಗೆ ನೆನಪಿಸ್ತಾನೆ, ಕ್ರಿಟಿಯಾಸನಿಗೆ ಪಾಠ ಹೇಳಿದ ಅಂತ ತಾನೇ ನೀವು ಸಾಕ್ರಟೀಸನ್ನ ಕೊಂದಿದ್ದು ಅಂತ. ಮನೆ ಮನೆಲೂ ಸತ್ತವರಿದ್ದ ಊರದು, ಆ ನೋವನ್ನ ಬಿಟ್ಟು ಬರೀ "ಮೂರ್ಖ ಜನ, ಜ್ಞಾನಿ ಸಾಕ್ರಟೀಸ್" ಅಂತ ಓದೋದು ನನಗೆ ಒಪ್ಪಿಗೆ ಆಗಲ್ಲ.

ಅರಿಸ್ಟಾಟಲ್ ವಿಷಯ ಇಲ್ಲಿ ಯಾರೂ ಎತ್ತಲಿಲ್ಲ. ಕ್ರಿ.ಪೂ. 323ರಲ್ಲಿ ಆತನ ಹಳೇ ಶಿಷ್ಯ ಅಲೆಕ್ಸಾಂಡರ್ ಸತ್ತ ಸುದ್ದಿ ಬಂದು, ತನ್ನ ಮೇಲೂ ದೈವನಿಂದೆ ಆರೋಪ ಬಂದಾಗ ಆತ ಅಥೆನ್ಸ್ ಬಿಟ್ಟು ಕಾಲ್ಕಿಸ್ ಊರಿಗೆ ಹೋದ. ಅಥೆನ್ಸ್ ತತ್ವಶಾಸ್ತ್ರಕ್ಕೆ ಎರಡನೇ ಸಲ ಪಾಪ ಮಾಡೋದು ಬೇಡ ಅಂದ ಅನ್ನೋ ಪ್ರತೀತಿ ಇದೆ. ಇದನ್ನ ಹೇಡಿತನ ಅನ್ನೋರಿದ್ದಾರೆ, ನಾನಂತೂ ಅನ್ನಲ್ಲ. ಆತ ಸ್ಟಜೈರಾದವನು, ಅಥೆನ್ಸಲ್ಲಿ ಪೌರನೇ ಅಲ್ಲ, ಸಭೇಲಿ ಮಾತಿಲ್ಲ ವೋಟಿಲ್ಲ, "ನಿನ್ನ ಹುಟ್ಟಿಸಿದೋರು ನಾವು" ಅಂತ ಅಥೆನ್ಸಿನ ಕಾನೂನು ಆತನಿಗೆ ಹೇಳೋಕೇ ಬರಲ್ಲ. ಒಳ್ಳೇ ಮನುಷ್ಯ ಮತ್ತೆ ಒಳ್ಳೇ ಪೌರ ಎಲ್ಲಾ ಊರಲ್ಲೂ ಒಂದೇ ಆಗಿರಲ್ಲ ಅಂತ ತನ್ನ ಪಾಲಿಟಿಕ್ಸ್‌ನಲ್ಲಿ ಬರೆದವನೂ ಆತನೇ.

ಲಾ ಓದ್ತಿರೋದ್ರಿಂದ ನಿಮಗೆ ಇದೂ ಉಪಯೋಗಕ್ಕೆ ಬರಬಹುದು: ಗಾಂಧೀಜಿ 1908ರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಅಪಾಲಜಿನ ಗುಜರಾತಿಗೆ ಸಂಗ್ರಹಿಸಿ ತಮ್ಮ ಇಂಡಿಯನ್ ಒಪಿನಿಯನ್ ಪತ್ರಿಕೇಲಿ ಹಾಕಿದ್ರು, 1910ರಲ್ಲಿ ಮುಂಬಯಿ ಸರ್ಕಾರ ಅದರ ಪುಸ್ತಿಕೆನ ಮುಟ್ಟುಗೋಲು ಹಾಕ್ತು.

ಮೂರನೇ_ಬೆಂಚು:

ಸರ್, ಜ್ಯೂರಿ ಆ ಎರಡು ಶಿಕ್ಷೆಲಿ ಒಂದನ್ನೇ ಆರಿಸಬೇಕು ಅಂದ್ರೆ, "ಪ್ರಶ್ನೆ ಕೇಳೋದು ಬಿಟ್ರೆ ಬಿಡುಗಡೆ" ಅನ್ನೋ ಷರತ್ತಿನ ಆದೇಶ ಕೊಡೋ ಅಧಿಕಾರಾನೇ ಅವರಿಗಿಲ್ಲ ಅಂತಾಯ್ತಲ್ಲ? ಹಾಗಾದ್ರೆ ಸಾಕ್ರಟೀಸ್ ಮೀರ್ತೀನಿ ಅಂದಿದ್ದು ಕಾನೂನುಬದ್ಧ ಆದೇಶನೇ ಅಲ್ಲ, ಅಪಾಲಜಿಗೂ ಕ್ರೀಟೋಗೂ ಜಗಳಾನೇ ಇಲ್ಲ ಅಂತ ಬರೀಬಹುದಾ?

ಕೆರೆ_ಏರಿ:

ಬರೀಬಹುದು, ಕೆಲವು ವಿದ್ವಾಂಸರು ಅದೇ ದಾರಿ ಹಿಡಿದಿದ್ದಾರೆ, ಪರೀಕ್ಷೇಲಿ ಮಾರ್ಕ್ಸೂ ಬರುತ್ತೆ. ಆದ್ರೆ ನನಗೆ ಆ ದಾರಿ ಸಾಲಲ್ಲ. ಸಾಕ್ರಟೀಸ್ ಕೋರ್ಟಲ್ಲಿ "ಆ ಆದೇಶ ಕೊಡೋಕೆ ನಿಮಗೆ ಅಧಿಕಾರ ಇಲ್ಲ" ಅಂತ ಹೇಳಬಹುದಿತ್ತು, ಹೇಳಲಿಲ್ಲ. ಆರ್ಗಿನುಸೆ ವಿಷಯದಲ್ಲಿ ಇದು ಕಾನೂನಿಗೆ ವಿರುದ್ಧ ಅಂತ ಬಿಡಿಸಿ ಹೇಳಿದ ಮನುಷ್ಯ ಇಲ್ಲಿ ಮಾತ್ರ ಆ ವಾದ ಬಿಟ್ಟು ನೇರವಾಗಿ ದೇವರ ಹೆಸರು ತಗೊಂಡ. ಅಂದ್ರೆ ಆದೇಶ ಪಕ್ಕಾ ಕಾನೂನುಬದ್ಧ ಆಗಿದ್ರೂ ಆತನ ಉತ್ತರ ಬದಲಾಗ್ತಿರಲಿಲ್ಲ.

ಜೋಳದ_ಹೊಲ ಅವರೇ, ಲಿಯೋನ್ ಬಗ್ಗೆ ನೀವು ಕೇಳಿದ್ದಕ್ಕೆ ಆ "ಖಾಸಗಿಯಾಗಿರಬೇಕು" ಅನ್ನೋ ಮಾತು ನನಗೂ ಪೂರ್ತಿ ಉತ್ತರ ಅನ್ಸಲ್ಲ. ಪ್ಲೇಟೋಗೂ ಸಾಲಲಿಲ್ಲ ಅಂತ ಕಾಣುತ್ತೆ. ಒಬ್ಬ ನ್ಯಾಯವಂತ ಒಬ್ಬನೇ ತನ್ನ ಕೈ ಶುದ್ಧ ಇಟ್ಕೊಂಡ್ರೆ ಸಾಲದು, ಊರೇ ನ್ಯಾಯದ ಮೇಲೆ ನಿಲ್ಲಬೇಕು ಅಂದ್ರೆ ಹೇಗೆ ಕಟ್ಟಬೇಕು ಅಂತಲೇ ಆತ ರಿಪಬ್ಲಿಕ್ ಅನ್ನೋ ಪುಸ್ತಕ ಬರೆದದ್ದು ಅಂತ ನಾನು ಓದ್ಕೋತೀನಿ. ಅಲ್ಲಿ ಸಿಗೋ ಊರಲ್ಲಿ ಸಾಮಾನ್ಯ ಮನುಷ್ಯನಿಗೆ ಆಳ್ವಿಕೇಲಿ ಮಾತೇ ಇಲ್ಲ, ಅದು ಬೇರೆ ದೊಡ್ಡ ಜಗಳ, ಬೇರೆ ಥ್ರೆಡ್ ಬೇಕು.

ಮೂರನೇ_ಬೆಂಚು, ಉತ್ತರ ಬರೆಯೋವಾಗ ಕ್ರೀಟೋನ ಕಡೆಯ ಮಾತನ್ನೂ ಬರೀರಿ, ಎಲ್ರೂ ಆತನನ್ನ ಬರೀ ತಲೆ ಆಡಿಸೋನ ಥರ ಬಿಟ್ಬಿಡ್ತಾರೆ. ಮಕ್ಕಳ ವಿಷಯ ಎತ್ತೋದು ಆತನೇ. ಸಾಕ್ರಟೀಸ್‌ಗೆ ಮೂರು ಗಂಡುಮಕ್ಕಳು, ಒಬ್ಬ ಹರೆಯಕ್ಕೆ ಬಂದಿದ್ದಾನೆ, ಇನ್ನಿಬ್ಬರು ಇನ್ನೂ ಚಿಕ್ಕವರು. ಹುಟ್ಟಿಸಿದ ಮೇಲೆ ಸಾಕಿ ಓದಿಸೋ ಕಷ್ಟಾನೂ ಪಡಬೇಕು, ಇಲ್ಲ ಅಂದ್ರೆ ಹುಟ್ಟಿಸಲೇ ಬಾರದು ಅಂತ ಕ್ರೀಟೋ ಮುಖದ ಮೇಲೆ ಹೇಳ್ತಾನೆ. ಸಾಕ್ರಟೀಸ್ ಇದಕ್ಕೆ ಕೊಡೋ ಉತ್ತರ ಕಾನೂನುಗಳ ಬಾಯಲ್ಲಿ ಬರುತ್ತೆ: ಥೆಸ್ಸಲಿಗೆ ಕರ್ಕೊಂಡು ಹೋಗಿ ಅವರನ್ನ ಪರದೇಶಿಗಳನ್ನಾಗಿ ಮಾಡ್ತೀಯಾ? ಇಲ್ಲೇ ಬಿಟ್ಟು ಹೋದ್ರೆ ಗೆಳೆಯರು ನೋಡ್ಕೋತಾರೆ ಅಂತೀಯಾ, ಹಾಗಾದ್ರೆ ಸತ್ತ ಮೇಲೂ ಅದೇ ಗೆಳೆಯರು ನೋಡ್ಕೊಳ್ಳಲ್ವಾ? ಈ ಉತ್ತರ ಸಾಕಾ ಅಂತ ನೀವೇ ತೂಗಿ ನೋಡಿ ಬರೀರಿ, ಯಾಕಂದ್ರೆ ಅಲ್ಲಿ ತಕ್ಕಡಿಲಿ ಇರೋದು ವ್ಯಕ್ತಿ ಮತ್ತೆ ರಾಜ್ಯ ಎರಡೇ ಅಲ್ಲ, ಮನೆನೂ ಇದೆ, ಮನೆ ಪರವಾಗಿ ಮಾತಾಡಿದೋನು ಕ್ರೀಟೋ ಒಬ್ಬನೇ.